ರೈಟ್ ಅಂದರೆ ಹೋಗು

ನನ್ನ ಗಂಡನ ಬಲಗಾಲು ಅವನದಾಗಿರಲಿಲ್ಲ. ಅದು ಕಂಡಕ್ಟರನ ಬಾಯಿಗೆ ಸೇರಿದ್ದು. ಕಂಡಕ್ಟರ್ ಹಿಂದಿನ ಬಾಗಿಲಲ್ಲಿ ನಿಂತು "ರೈಟ್" ಅಂದರೆ ಆ ಕಾಲು ಒತ್ತುತ್ತಿತ್ತು, ಬಸ್ಸು ಹೊರಡುತ್ತಿತ್ತು. "ಹೋಲ್ಡಾನ್" ಅಂದರೆ ಪಕ್ಕಕ್ಕೆ ಸರಿದು ಬ್ರೇಕು ತುಳಿಯುತ್ತಿತ್ತು. ನಡುವೆ ತಲೆಗೆ ಏನೂ ಕೆಲಸವಿರಲಿಲ್ಲ. ತಲೆಯನ್ನು ಅವನು ಎಲೆ ಅಡಿಕೆ ಹಾಕಿಕೊಳ್ಳಲು ಇಟ್ಟುಕೊಂಡಿದ್ದ.

ಗಂಡನನ್ನು ಅವನು ಇವನು ಅಂತಾಳೆ ಎಂದು ಓದುವವರು ಮೂಗು ಮುರಿಯಬೇಡಿ. ನಮ್ಮಲ್ಲಿ ಬಹುವಚನ ದೇವರಿಗೂ ಇಲ್ಲ, ಬಸ್ಸಿನ ಮಾಲೀಕನಿಗೆ ಮಾತ್ರ.

ಶ್ರೀರಾಂಪುರದಿಂದ ಹೊರಟು ಹೊಸದುರ್ಗ, ಹೊಳಲ್ಕೆರೆ ಮೇಲೆ ದುರ್ಗಕ್ಕೆ, ಅಂದರೆ ಚಿತ್ರದುರ್ಗಕ್ಕೆ, ಹೋಗಿ ಬರುವ ಖಾಸಗಿ ಬಸ್ಸು ಅದು. ನನ್ನ ಗಂಡ ಅದನ್ನು ಎಷ್ಟು ವರ್ಷ ಓಡಿಸಿದ್ದನೆಂದರೆ ದಾರಿಯ ಎಮ್ಮೆಗಳು ಅವನ ಹಾರನ್ನು ಗುರುತು ಹಿಡಿದು ಎದ್ದೇಳುತ್ತಿದ್ದವು. ಬೇರೆಯವರ ಹಾರನ್ನಿಗೆ ಏಳುತ್ತಿರಲಿಲ್ಲ. ಕಂಡಕ್ಟರ್ ಕೂಡ ಮೊದಲಿನಿಂದ ಒಬ್ಬನೇ. ಅವರಿಬ್ಬರೂ ಮುಖ ನೋಡಿ ಮಾತಾಡಿದ್ದು ಕಡಿಮೆ. ಒಬ್ಬ ಹಿಂದಿನಿಂದ ಕೂಗುವುದು, ಒಬ್ಬ ಮುಂದೆ ತುಳಿಯುವುದು. ನನ್ನ ಸಂಸಾರಕ್ಕಿಂತ ಅದೇ ಸರಿಯಾಗಿ ನಡೆದಿತ್ತು. ನನ್ನ ಮದುವೆಯಲ್ಲಿ ತಾಳಿ ಕಟ್ಟು ಎಂದು ಪೂಜಾರಿ ಮೂರು ಸಲ ಹೇಳಿದರೂ ಇವನ ಕೈ ಏಳಲಿಲ್ಲ. ಹಿಂದೆ ನಿಂತಿದ್ದ ಆ ಕಂಡಕ್ಟರ್ ಮೆಲ್ಲಗೆ "ರೈಟ್" ಅಂದ ಮೇಲೆ ಕಟ್ಟಿದ. ಆಗ ನಗು ಬಂದಿತ್ತು. ಅದು ಒಂದು ದಿನ ಸಮುದ್ರದ ಆಚೆ ಕುತ್ತಿಗೆಗೆ ಬರುತ್ತದೆ ಎಂದು ಯಾರಿಗೆ ಗೊತ್ತಿತ್ತು.

ತೊಂಬತ್ತರ ದಶಕ. ಕುವೈತಿನಲ್ಲಿ ಯುದ್ಧ ಮುಗಿದು ಒಂದಷ್ಟು ವರ್ಷ ಕಳೆದಿತ್ತು. ಅಲ್ಲಿ ಕಟ್ಟಡ ಕೆಲಸದ ಕೂಲಿಯವರನ್ನು ಒಯ್ಯುವ ಬಸ್ಸುಗಳಿಗೆ ಡ್ರೈವರು ಬೇಕು ಎಂದು ದುರ್ಗದ ಏಜೆಂಟನೊಬ್ಬ ಹುಡುಕುತ್ತಿದ್ದ. ನನ್ನ ಗಂಡ ಹೂಂ ಅಂದ. ಊರಿನವರು ದುಬೈಗೆ ಹೊರಟ ಎಂದರು. ಕುವೈತು ಎಂದು ನಾನು ತಿದ್ದಿದೆ. ಕುವೈತು ದುಬೈನಾಗೆ ಎಲ್ಲಿ ಬರ್ತೈತೆ ಎಂದು ಕೇಳಿದರು. ಆಮೇಲೆ ನಾನೂ ದುಬೈ ಅನ್ನತೊಡಗಿದೆ.

ಅವನು ಹೋದಾಗ ನಾನು ಅತ್ತೆನಾ ಎಂದು ತವರಿನವರು ಹಿರಿಯೂರಿನಿಂದ ಬಂದು ಕೇಳಿದರು. ಇಲ್ಲ. ಗೊರಕೆ ನಿಂತಿತು, ಮನೆ ದೊಡ್ಡದಾಯಿತು. ಸಾರಿಗೆ ಖಾರ ನನಗೆ ಬೇಕಾದಷ್ಟು ಹಾಕಿಕೊಂಡೆ. ನನಗೆ ಉರಿದದ್ದು ಬೇರೆ ಕಡೆ.

ಇವನು ಬಿಟ್ಟ ಸೀಟಿಗೆ ಮಾಲೀಕನ ಬಾಮೈದ ಬಂದು ಕುಳಿತ. ಎಸ್ಸೆಸ್ಸೆಲ್ಸಿವರೆಗೆ ಓದಿದವನು, ಕಪ್ಪು ಕನ್ನಡಕದವನು. ಬಾಗೂರಿನ ಹೋಟೆಲಿನಲ್ಲಿ ನಾಲ್ಕು ಜನ ಕೇಳುವ ಹಾಗೆ ಅವನು ಹೇಳಿದ್ದು ನನ್ನ ಕಿವಿಗೂ ಬಿತ್ತು. ಬೀಳಲಿ ಎಂದೇ ಹೇಳಿದ್ದ.

"ಶೇಂಗಾ ಕೀಳೋ ಹೊತ್ತಿಗೆ ವಾಪಸ್ ಬರ್ತಾನೆ ಬಿಡ್ರಿ. ಬರ್ಲಿ, ನನ್ನ ಬಸ್ಸಿಗೆ ಕ್ಲೀನರ್ ಬೇಕಾಗೈತೆ."

ನಾನು ತೆಂಗಿನ ಕಡ್ಡಿ ಪೊರಕೆ ಕಟ್ಟಿ ಹೊಸದುರ್ಗ, ಹೊಳಲ್ಕೆರೆಯಲ್ಲಿ ಮಾರುವವಳು. ಸಂತೆ ಬಂತೆಂದರೆ ಆ ಬಸ್ಸನ್ನೇ ಹತ್ತಬೇಕು. ಡ್ರೈವರ್ ಹಿಂದಿನ ಸೀಟು ನನ್ನದು. ನನ್ನ ಗಂಡ ಸೋತು ಬಂದರೆ, ಅವನು ಓಡಿಸಿದ ಬಸ್ಸಿನ ಗಾಜನ್ನು ಅವನೇ ಬಟ್ಟೆ ಹಿಡಿದು ಒರೆಸುವುದನ್ನು, ಈ ಕಪ್ಪು ಕನ್ನಡಕದವನು ಒಳಗಿನಿಂದ ಇಲ್ಲಿ ಒರೆಸು ಅಲ್ಲಿ ಒರೆಸು ಎಂದು ಬೆರಳು ತೋರಿಸುವುದನ್ನು ನಾನು ಸಾಯುವವರೆಗೆ ನೋಡಬೇಕು. ಗಂಡ ದೂರ ಇರುವುದನ್ನು ತಡೆದುಕೊಳ್ಳಬಹುದು. ಇದನ್ನು ತಡೆದುಕೊಳ್ಳಲು ನಾನು ಅಷ್ಟು ಒಳ್ಳೆಯವಳಲ್ಲ.

ಕುವೈತಿನಲ್ಲಿ ನಮ್ಮ ಲೈಸೆನ್ಸು ನಡೆಯುವುದಿಲ್ಲವಂತೆ. ಅಲ್ಲಿಯ ಪೊಲೀಸನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಸ್ಸು ಓಡಿಸಿ ತೋರಿಸಬೇಕು. ಮೂರು ಸಲ ಅವಕಾಶ. ಮೂರರಲ್ಲೂ ಹೋದರೆ ಕಂಪನಿ ವಿಮಾನ ಹತ್ತಿಸಿ ಕಳಿಸುತ್ತದೆ. ನಮ್ಮವನಿಗೆ ಹೆದರಿಕೆ ಇರಲಿಲ್ಲ. ಅಲ್ಲಿ ಸ್ಟೇರಿಂಗು ಎಡಗಡೆ, ರಸ್ತೆಯಲ್ಲಿ ಹೋಗುವುದು ಬಲಗಡೆ. ಅದನ್ನೇ ಅವನು ಬೇಗ ಕಲಿತುಬಿಟ್ಟಿದ್ದ.

ಫೋನು ಶ್ರೀರಾಂಪುರದ ಬೂತಿಗೆ ಬರುತ್ತಿತ್ತು. ಬೂತಿನವನ ಮಗಳು ಕಾಲೇಜು ಓದುತ್ತಿದ್ದವಳು. ಫೋನಿದೆ ಬನ್ನಿ ಎಂದು ಕಂಡಕ್ಟರನ ಹತ್ತಿರ ಹೇಳಿ ಕಳಿಸುತ್ತಿದ್ದಳು. ಮೊದಲ ಪರೀಕ್ಷೆ ಆದ ಮೇಲೆ ಹೋದೆ. ಫೇಲು ಅಂದ. ಬಸ್ಸು ಎಲ್ಲಾದರೂ ಗುದ್ದಿದೆಯಾ ಎಂದು ಕೇಳಿದೆ. ಇಲ್ಲವಂತೆ.

"ಪೊಲೀಸು ರೈಟ್ ಅಂದ, ಹೋದೆ. ಮತ್ತೆ ರೈಟ್ ಅಂದ, ಇನ್ನೂ ಜೋರಾಗಿ ಹೋದೆ. ಆಮೇಲೆ ಬಾಯಿ ಬಡ್ಕಂಡ, ಪೂರ್ತಿ ತುಳಿದೆ. ಕೆಳಗಿಳಿ ಅಂದ್ಬಿಟ್ಟ ಕಣೇ."

ಇದರಲ್ಲಿ ತಪ್ಪೇನು ಎಂದು ನನಗೂ ತಿಳಿಯಲಿಲ್ಲ. ಇಷ್ಟು ಹೇಳಿದ್ದು ಕೇಳಿದವನನ್ನು ಇಳಿಸುತ್ತಾನೆಂದರೆ ಅವನಿಗೇ ಏನೋ ಆಗಿರಬೇಕು, ಆ ದೇಶದ ಬಿಸಿಲಿಗೆ ಪಿತ್ತ ಏರಿರಬೇಕು ಎಂದೆ. ಗಂಡನೂ ಹಾಗೇ ಅಂದುಕೊಂಡಿದ್ದನಂತೆ. ನಾವಿಬ್ಬರೂ ಸೇರಿ ಆ ಪೊಲೀಸನನ್ನು ಚೆನ್ನಾಗಿ ಬೈದೆವು. ಅವನ ಕೂಗು ಫೋನಿನಿಂದಾಚೆಗೂ ಕೇಳುತ್ತಿತ್ತು. ಫೋನಿಟ್ಟು ತಿರುಗಿದರೆ ಬೂತಿನ ಹುಡುಗಿ ಮೇಜಿನ ಮೇಲೆ ತಲೆಯಿಟ್ಟು ನಗುತ್ತಿದ್ದಾಳೆ. ಹೊಟ್ಟೆನೋವೇನೋ ಅಂದುಕೊಂಡೆ.

"ಅಮ್ಮಾ, ರೈಟ್ ಅಂದ್ರೆ ಬಲಗಡೆ. ಬಲಕ್ಕೆ ತಿರುಗಿಸು ಅಂತ ಹೇಳವ್ನೆ ಅವ್ನು."

"ಬಸ್ಸಾಗೆ ಯಾರಮ್ಮ ಹಂಗೆ ಹೇಳ್ತಾರೆ?"

ಮೂರನೇ ಕ್ಲಾಸಿನ ತನಕ ಹೋದವಳು ನಾನು. ಇಂಗ್ಲಿಷಿನಲ್ಲಿ ನನಗೆ ಬರುತ್ತಿದ್ದದ್ದೇ ಬಸ್ಸಿನ ಎರಡು ಮಾತು. ಅದರಲ್ಲಿ ಒಂದು ಹೀಗೆ ಕೈಕೊಟ್ಟಿತು.

ಅಷ್ಟರಲ್ಲಿ ಅಲ್ಲಿಯೂ ಅವನ ಜೊತೆಯ ಮಲೆಯಾಳಿ ಡ್ರೈವರ್ ಬಿಡಿಸಿ ಹೇಳಿದ್ದನಂತೆ. ಇನ್ನೇನು, ಎರಡನೇ ಸಲ ಪಾಸಾಗುತ್ತಾನೆ ಎಂದು ನಾನು ನೆಮ್ಮದಿಯಾಗಿದ್ದೆ. ಮತ್ತೆ ಫೋನು ಬಂತು. ಮತ್ತೆ ಫೇಲು. ಸಿಗ್ನಲ್ಲಿನ ಹತ್ತಿರ ಪೊಲೀಸು ರೈಟ್ ಅಂದಿದ್ದಾನೆ, ಇವನು ನೆಟ್ಟಗೆ ಹೋಗಿದ್ದಾನೆ.

"ಗೊತ್ತಿತ್ತಲ್ಲ ನಿನಗೆ?"

"ತಲೆಗೆ ಗೊತ್ತಾತು ಕಣೇ. ಕಾಲಿಗೆ ಗೊತ್ತಾಗ್ಲಿಲ್ಲ."

ಅವನ ಧ್ವನಿ ಆ ದಿನ ಸಣ್ಣಗಿತ್ತು. ಇನ್ನೊಂದೇ ಅವಕಾಶ ಉಳಿದಿತ್ತು. ಇತ್ತ ಕಡೆ ನಮ್ಮ ಹೊಲದ ಶೇಂಗಾ ಹೂ ಬಿಟ್ಟಿತ್ತು. ಬಾಮೈದ ಅದನ್ನು ದಾಟುವಾಗಲೆಲ್ಲ ಬಸ್ಸು ನಿಧಾನ ಮಾಡಿ ಬೆಳೆ ನೋಡುತ್ತಿದ್ದ.

ಕಂಡಕ್ಟರನಿಗೆ ಹೋಗಿ ಹೇಳಿದೆ. ನಿನ್ನಿಂದ ಹೀಗಾಯಿತಲ್ಲಪ್ಪ ಎಂದೆ. ಅವನಿಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ, ಎದೆ ಉಬ್ಬಿತು.

"ನೋಡಕ್ಕ, ಸಮುದ್ರ ದಾಟಿ ಹೋದ್ರೂ ನನ್ನ ಮಾತು ಮೀರಿಲ್ಲ ಅವ್ನು."

ಎತ್ತನ್ನು ಪಳಗಿಸಿದವನೇ ಅದರ ಚಾಳಿಯನ್ನೂ ಬಿಡಿಸಬೇಕು ಎಂದೆ. ಅದಕ್ಕೆ ಅವನು ಕುವೈತಿಗೆ ಹೋಗಬೇಕಾಗಿಲ್ಲ, ಅವನ ಬಾಯಿ ಹೋದರೆ ಸಾಕು. ಆಗೆಲ್ಲ ದುಬೈನಲ್ಲಿದ್ದವರಿಗೆ ಮನೆಯವರು ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಕಳಿಸುವುದಿತ್ತು. ದುರ್ಗದವನೊಬ್ಬ ರಜೆ ಮುಗಿಸಿ ವಾಪಸ್ ಹೊರಡುವವನಿದ್ದ. ಅವನ ಕೈಯಲ್ಲಿ ಕೊಡೋಣ. ಬಸ್ಸು ಓಡುವಾಗಲೇ ಕೂಗಿ ತುಂಬೋಣ. ಹೊರಡುವುದಕ್ಕೆ ರೈಟ್ ಅನ್ನಬಾರದು, "ಹೋಗಾಣ" ಅನ್ನಬೇಕು. ಬಲಕ್ಕೆ ತಿರುಗುವ ಕಡೆ ಮಾತ್ರ "ರೈಟ್" ಅನ್ನಬೇಕು. ಅದನ್ನೇ ದಿನಾ ಕೇಳಿದರೆ ಕಾಲು ತಿದ್ದಿಕೊಳ್ಳುತ್ತದೆ.

ಟೇಪ್ ರೆಕಾರ್ಡರನ್ನು ಹಿಟ್ಟಿನ ಗಿರಣಿಯವನಿಂದ ಕಡ ತಂದೆ. ಖಾಲಿ ಕ್ಯಾಸೆಟ್ಟು ಸಿಗಲಿಲ್ಲ. ನನ್ನತ್ತೆಯ ಭಜನೆ ಕ್ಯಾಸೆಟ್ಟಿನ ತೂತಿಗೆ ಕಾಗದ ತುರುಕಿ ಅದರ ಮೇಲೆಯೇ ತುಂಬುವುದೆಂದಾಯಿತು. ಅತ್ತೆಗೆ ಹೇಳಲಿಲ್ಲ. ದೇವರಿಗೆ ಹೇಳಿದೆ.

ಬಾಮೈದನಿಗೆ ಕಂಡಕ್ಟರನೇ ವಿಷಯ ತಿಳಿಸಿದ. ಬೇಡ ಅಂತಾನೆ ಅಂದುಕೊಂಡಿದ್ದೆ. ಅವನಿಗೆ ಖುಷಿಯೋ ಖುಷಿ. ನನ್ನ ಗಂಡ ಎರಡು ಸಲ ಬಿದ್ದ ಕಥೆಯನ್ನು ಬಸ್ಸಿನಲ್ಲಿ ಅಷ್ಟು ಜನರ ಮುಂದೆ ನನ್ನ ಬಾಯಿಂದಲೇ ಕೇಳಿದ. ಆಮೇಲೆ ಕನ್ನಡಕ ಸರಿಮಾಡಿಕೊಂಡು ಹೇಳಿದ.

"ತುಂಬ್ಕಳಮ್ಮ, ತುಂಬ್ಕ. ಓದಿದ ಡ್ರೈವರು ಹೆಂಗೆ ಓಡಿಸ್ತಾನೆ ಅಂತ ನಿನ್ನ ಗಂಡನೂ ಕೇಳ್ಲಿ."

ಹೊಳಲ್ಕೆರೆ ಸಂತೆಯ ದಿನ ಹೊರಟೆವು. ಪೊರಕೆ ಕಟ್ಟುಗಳನ್ನು ಸೀಟಿನಡಿ ತಳ್ಳಿ ಟೇಪ್ ರೆಕಾರ್ಡರನ್ನು ತೊಡೆಯ ಮೇಲಿಟ್ಟುಕೊಂಡೆ. ಬಾಗೂರಿನಲ್ಲಿ ಒಬ್ಬ ಕುರಿ ಕಾಯುವ ಮುದುಕಪ್ಪ ಟಗರೊಂದನ್ನು ಹತ್ತಿಸಿದ. ಸಂತೆಗೆ ಮಾರಲು ಒಯ್ಯುತ್ತಿದ್ದ. ಹಿಂದೆ ಜಾಗವಿಲ್ಲದೆ ಅದನ್ನು ಡ್ರೈವರ್ ಸೀಟಿನ ಹಿಂದಿನ ಕಂಬಿಗೆ, ನನ್ನ ಮೊಣಕಾಲಿಗೆ ತಾಗುವಂತೆ ಕಟ್ಟಿದರು.

ಬಸ್ಸಿನ ಜನಕ್ಕೆ ಕಂಡಕ್ಟರ್ ಹೊಸ ಕಾನೂನು ಹೇಳಿದ. ಅವರಿಗೆ ಇದಕ್ಕಿಂತ ಬೇರೆ ಕೆಲಸ ಏನಿತ್ತು. ಪ್ರತಿ ಸ್ಟಾಪಿನಲ್ಲಿ ಬಸ್ಸಿಗೆ ಬಸ್ಸೇ ಸೇರಿ "ಹೋಗಾಣ" ಎಂದು ಕೂಗುತ್ತಿತ್ತು. ದಾರಿಯಲ್ಲಿ ನಿಂತವರು ಮದುವೆ ದಿಬ್ಬಣ ಎಂದು ಇಣುಕಿ ನೋಡಿದರು. ಹೊಸದುರ್ಗ ಬಸ್ ಸ್ಟ್ಯಾಂಡಿನಿಂದ ಹೊರಬರುವಾಗ ಕಂಡಕ್ಟರ್ "ರೈಟ್" ಅಂದ, ಬಾಮೈದ ನಾಜೂಕಾಗಿ ಬಲಕ್ಕೆ ತಿರುಗಿಸಿ, ಕನ್ನಡಿಯಲ್ಲಿ ನನ್ನನ್ನು ನೋಡಿ ಹಲ್ಲು ಬಿಟ್ಟ. ಇಷ್ಟೇ ಅಲ್ವೇನಮ್ಮ ಅನ್ನುವ ಹಾಗೆ. ನಾನು ಟಗರಿನ ತಲೆ ಸವರಿದೆ. ಬೇರೆ ಏನು ಮಾಡಲಿ.

ಹೊಳಲ್ಕೆರೆಯಲ್ಲಿ ನಮ್ಮ ರಸ್ತೆ ದೊಡ್ಡ ರಸ್ತೆಗೆ ಸೇರುವ ಕಡೆ ಬಸ್ಸು ನಿಲ್ಲುತ್ತದೆ. ಅಲ್ಲಿಂದ ಬಲಕ್ಕೆ ತಿರುಗಿದರೆ ದುರ್ಗ. ನೆಟ್ಟಗೆ ಹೋದರೆ ಸಂತೆ ಬೀದಿ. ಆವತ್ತು ಅರ್ಧ ಬಸ್ಸು ಅಲ್ಲೇ ಇಳಿಯುವುದು. ನಾನೂ ಮುದುಕಪ್ಪನೂ ಜನ ಕಡಿಮೆಯಾಗಲಿ ಎಂದು ಕುಳಿತಿದ್ದೆವು. ಬುಟ್ಟಿಯವಳೊಬ್ಬಳು ಕೊನೆಗೆ ಇಳಿದಳು. ಕಂಡಕ್ಟರ್ ಅವಳ ಬುಟ್ಟಿ ಇಳಿಸಿಕೊಟ್ಟು, ನಾವಿನ್ನೂ ಒಳಗಿರುವುದನ್ನು ಮರೆತು, ಬಾಗಿಲ ತಗಡಿಗೆ ಎರಡು ಸಲ ಬಡಿದು "ರೈಟ್" ಅಂದ.

ಅದು ಬಲಕ್ಕೆ ತಿರುಗು ಅಂತ ಹೇಳಿದ ಹೊಸ ರೈಟೋ, ಹೊರಡು ಅಂತ ಹೇಳಿದ ಹಳೇ ರೈಟೋ ಇವತ್ತಿಗೂ ಅವನಿಗೇ ಗೊತ್ತಿಲ್ಲ. ಕೇಳಿದರೆ ಬಾಯಿಗೆ ಬಂತು, ಅಂದೆ ಅನ್ನುತ್ತಾನೆ. ಬಾಮೈದನ ಕಾಲಿಗೆ ಮಾತ್ರ ಯಾವ ಅನುಮಾನವೂ ಬರಲಿಲ್ಲ. ಒತ್ತಿತು. ದಿನಾ ಅಲ್ಲಿ ಬಲಕ್ಕೆ ತಿರುಗಿಸುವ ಕೈ ತಿರುಗಿಸುವುದನ್ನೇ ಮರೆಯಿತು, ಬಸ್ಸು ದೊಡ್ಡ ರಸ್ತೆಯನ್ನು ಅಡ್ಡ ದಾಟಿ ಬಾಣದ ಹಾಗೆ ಸಂತೆ ಬೀದಿಗೆ ನುಗ್ಗಿತು.

ಜನ ಚೆದುರಿದರು, ಯಾರಿಗೂ ಪೆಟ್ಟಾಗಲಿಲ್ಲ. ಈರುಳ್ಳಿ ಗಾಡಿಯೊಂದು ಮಗುಚಿತು. ಆ ಕಡೆ ಬಾಳೆಹಣ್ಣಿನ ಗಾಡಿ, ಈ ಕಡೆ ಪಾತ್ರೆ ಅಂಗಡಿಯ ಚಪ್ಪರ, ನಡುವೆ ಬಸ್ಸು ಸಿಕ್ಕಿಕೊಂಡಿತು. ಬ್ರೇಕು ಹಾಕಿದ ರಭಸಕ್ಕೆ ಟಗರು ಎದ್ದು ಮುಂಗಾಲು ಎರಡನ್ನೂ ಬಾಮೈದನ ಹೆಗಲ ಮೇಲಿಟ್ಟು ಅವನ ಕಿವಿಯಲ್ಲಿ ಬ್ಯಾ ಅಂದಿತು. ಕಪ್ಪು ಕನ್ನಡಕ ಎಲ್ಲಿ ಹೋಯಿತೋ. ಈರುಳ್ಳಿಯವಳು ಮುಂದೆ ನಿಂತು ಅವನ ವಂಶವನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುತ್ತಿದ್ದಳು. ಈ ಊರಿನವಳಿಗೆ ಅವನ ತಾತನ ಹೆಸರು ಹೇಗೆ ಗೊತ್ತಿತ್ತು ಎಂದು ನನಗೆ ಆಶ್ಚರ್ಯ.

ಟೇಪು ತಿರುಗುತ್ತಲೇ ಇತ್ತು. ನಾನು ಎದ್ದು ಅದನ್ನು ಬಾಮೈದನ ಮೂತಿಯ ಹತ್ತಿರ ಹಿಡಿದೆ.

"ಏನಪ್ಪ, ರೈಟ್ ಅಂದ್ರೆ ಏನು? ಬಲಕ್ಕಲ್ವಾ?"

"ರೈಟ್ ಅಂದ್ರೆ ಹೋಗು ಕಣಮ್ಮೋ," ಅಂದ ಅವನು, ಟಗರನ್ನು ತಳ್ಳುತ್ತಾ. "ಯಾವನಾದ್ರೂ ಹೋಗ್ತಾನೆ."

ನನಗೆ ಬೇಕಾದದ್ದು ಸಿಕ್ಕಿತು. ಪಾಠ ಕಲಿಸಲು ಹೋಗಿ ಸಾಕ್ಷಿ ಸಿಕ್ಕಿತ್ತು.

ಆ ಬಸ್ಸನ್ನು ಹಿಂದಕ್ಕೆ ತೆಗೆಯಲು ಸಂತೆಯ ಜನವೆಲ್ಲ ಸೇರಿ "ಬರ್ಲಿ, ಬರ್ಲಿ" ಎಂದು ಕೂಗಬೇಕಾಯಿತು. ಅದೂ ಕ್ಯಾಸೆಟ್ಟಿನಲ್ಲಿ ತುಂಬಿತು. ಮುದುಕಪ್ಪನ ಟಗರು ಒಳ್ಳೆಯ ಬೆಲೆಗೆ ಹೋಯಿತು. ಬಸ್ ಡ್ರೈವರನ್ನು ಹತ್ತಿದ ಟಗರು ಎಂದು ಹೇಳಿ ಮಾರಿದನಂತೆ. ಬಾಮೈದನಿಗೆ ಅವತ್ತಿನಿಂದ ಈರುಳ್ಳಿ ಡ್ರೈವರ್ ಎಂದು ಹೆಸರಾಯಿತು. ಅವನು ಆಮೇಲೆ ನಮ್ಮ ಹೊಲದ ಹತ್ತಿರ ನಿಧಾನ ಮಾಡಲಿಲ್ಲ.

ಕ್ಯಾಸೆಟ್ಟು ಹೋಯಿತು. ನಾನು ಕಾದೆ. ಈರುಳ್ಳಿ ಡ್ರೈವರಿಗೆ ಹೆಸರು ಬಂದದ್ದರಿಂದ ನನ್ನ ಗಂಡನಿಗೆ ಲೈಸೆನ್ಸು ಬರುವುದಿಲ್ಲವಲ್ಲ. ಶೇಂಗಾ ಕಿತ್ತೆವು, ಬಡಿದೆವು, ಒಣಗಲು ಹಾಕಿದೆವು. ಬಸ್ಸಿನಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ. ಕೇಳದೆ ಇರುವುದೇ ಹೆಚ್ಚು ಚುಚ್ಚುತ್ತಿತ್ತು. ಒಂದು ದಿನ ಕಂಡಕ್ಟರ್ ಟಿಕೆಟ್ ಹರಿಯುತ್ತಾ, ಅಕ್ಕ ಇವತ್ತು ಬೂತಿಗೆ ಹೋಗು ಅಂದ. ಏನಂತೆ ಎಂದು ಕೇಳಿದೆ. ಹುಡುಗಿ ಹೇಳಲಿಲ್ಲವಂತೆ.

ಹೋಗಿ ಫೋನೆತ್ತಿದೆ. 

"ಆತು ಕಣೇ," ಅಂದ.

ಪಾಸೋ ಫೇಲೋ ಸರಿಯಾಗಿ ಬಾಯಿ ಬಿಡು ಎಂದು ಗದರಿದೆ. ಪಾಸು ಅಂದ. ಆಮೇಲೆ ಕಥೆ ಹೇಳಿದ. ಕ್ಯಾಸೆಟ್ಟನ್ನು ಅವರ ರೂಮಿನಲ್ಲಿ ದಿನವೂ ಹಾಕುತ್ತಿದ್ದರಂತೆ. ಮಲೆಯಾಳಿ, ಆಂಧ್ರದವನು, ಕನ್ನಡದ ಗಂಧವಿಲ್ಲದ ಪಠಾಣ, ಎಲ್ಲರೂ ಕೂತು ಕೇಳುವುದು. ಪಠಾಣನಿಗೆ ಟಗರು ಕೂಗುವ ಕಡೆ ಬಹಳ ಇಷ್ಟವಾಗಿ ಅದನ್ನೇ ತಿರುಗಿಸಿ ತಿರುಗಿಸಿ ಹಾಕಿಸುತ್ತಿದ್ದನಂತೆ. ನಡುನಡುವೆ ಅಳಿಯದೆ ಉಳಿದಿದ್ದ ಅತ್ತೆಯ ಭಜನೆ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರಂತೆ. ನಾನು ಕಷ್ಟಪಟ್ಟು ತುಂಬಿದ ಹೋಗಾಣ, ರೈಟುಗಳಿಂದ ಅವನ ಕಾಲಿಗೆ ಏನೂ ಆಗಲಿಲ್ಲ. ಕೆಲಸ ಮಾಡಿದ್ದು ಟಗರು.

"ಪೊಲೀಸು ರೈಟ್ ಅಂದ ನೋಡು, ಕಿವಿಯಾಗೆ ಬ್ಯಾ ಅಂತು. ಈರುಳ್ಳಿ ಕಣ್ಮುಂದೆ ಬಂತು. ಕಾಲು ತಾನಾಗೇ ಎದ್ದುಬಿಡ್ತು. ಆಮೇಲೆ ತಿರುಗಿಸ್ದೆ."

ಎಲ್ಲ ತಿರುವೂ ಸರಿಯಾಗಿ ತಿರುಗಿಸಿ ಆಫೀಸಿನ ಮುಂದಕ್ಕೆ ತಂದು ನಿಲ್ಲಿಸುವಾಗ ಆ ಪೊಲೀಸು ಬೆನ್ನು ತಟ್ಟಿ "ಆಲ್ ರೈಟ್" ಅಂದನಂತೆ. ಆಲ್ ಅಂದರೆ ಎಲ್ಲ ಎಂದು ಮಲೆಯಾಳಿ ಹೇಳಿಕೊಟ್ಟಿದ್ದ. ಎಲ್ಲವನ್ನೂ ಬಲಕ್ಕೆ ತಿರುಗಿಸು ಅನ್ನುತ್ತಾನೆ ಎಂದು ಇವನು ಸ್ಟೇರಿಂಗು ಪೂರ್ತಿ ಬಲಕ್ಕೆ ಎಳೆದಿದ್ದಾನೆ. ಅಲ್ಲಿ ರಸ್ತೆ ಇರಲಿಲ್ಲ, ಆಫೀಸಿನ ಮೆಟ್ಟಿಲಿತ್ತು. ಮುಂದಿನ ಚಕ್ರ ಒಂದು ಮೆಟ್ಟಿಲು ಹತ್ತಿತು. ಪೊಲೀಸನ ಟೋಪಿ ಬಿತ್ತು.

"ಆಮೇಲೂ ಪಾಸು ಮಾಡಿದ್ನಾ?"

"ಸಹಿ ಮೊದ್ಲೇ ಹಾಕಿದ್ದ ಕಣೇ."

ಡ್ರೈವರುಗಳ ಮಾತನ್ನು ಪೂರ್ತಿ ನಂಬಬಾರದು. ಮೆಟ್ಟಿಲಿನ ಕಥೆಯಲ್ಲಿ ಒಂದು ಮೆಟ್ಟಿಲು ಅವನೇ ಕಟ್ಟಿರಬಹುದು. ಲೈಸೆನ್ಸು ಮಾತ್ರ ನಿಜ. ನಾನು ಬೂತಿನಿಂದ ಬಂದು ಅದೇ ಬಸ್ಸು ಹತ್ತಿ, ಡ್ರೈವರ್ ಹಿಂದಿನ ನನ್ನ ಸೀಟಿನಲ್ಲಿ ಕೂತು, ಒಂದು ಪೊರಕೆ ತೆಗೆದು ಈರುಳ್ಳಿ ಡ್ರೈವರಿಗೆ ಕೊಟ್ಟೆ. ಇದ್ಯಾಕಮ್ಮ ಅಂದ. ಕ್ಲೀನರ್ ಬರೋದಿಲ್ಲ, ನೀನೇ ಗುಡಿಸ್ಕ ಅಂದೆ.

ನನ್ನ ಗಂಡ ಕುವೈತಿನಲ್ಲಿ ವರ್ಷಗಟ್ಟಲೆ ಓಡಿಸಿದ. ಆ ಬಸ್ಸುಗಳಿಗೆ ಕಂಡಕ್ಟರ್ ಇಲ್ಲ. ಹಿಂದಿನಿಂದ ಯಾರೂ ಏನೂ ಅನ್ನದಿದ್ದರೆ ಇವನಿಗೆ ಹೊರಡಲು ಮನಸ್ಸಾಗುವುದಿಲ್ಲ. ಅದಕ್ಕೆ ಕೂಲಿಯವರಿಗೆ ಒಂದು ಮಾತು ಕಲಿಸಿಕೊಟ್ಟ. ಬಂಗಾಳಿಗಳು, ನೇಪಾಳಿಗಳು, ಅರಬ್ಬಿ ಆಡುವ ಮಿಸ್ರದವರು, ಅಂದರೆ ಈಜಿಪ್ಟಿನವರು, ಎಲ್ಲ ಆ ಮರಳುಗಾಡಿನಲ್ಲಿ ಬಸ್ಸು ತುಂಬಿದ ಮೇಲೆ "ಹೋಗಾಣ" ಅನ್ನುತ್ತಿದ್ದರಂತೆ. ಅದು ಅರಬ್ಬಿ ಮಾತೆಂದು ಮಿಸ್ರದವರನ್ನು ಬಿಟ್ಟು ಉಳಿದವರೆಲ್ಲ ತಿಳಿದಿದ್ದರು.

ಎರಡು ಸಾವಿರನೇ ಇಸವಿ ದಾಟಿದ ಮೇಲೆ ಒಮ್ಮೆ ದೊಡ್ಡ ರಜೆ ಹಾಕಿ ಬಂದ. ಹೊಟ್ಟೆ ಬಂದಿತ್ತು, ಸೆಂಟಿನ ವಾಸನೆ ಬಂದಿತ್ತು. ಊರಿಗೆ ಬಂದ ಮೇಲಿನ ಮೊದಲ ಹೊಸದುರ್ಗ ಸಂತೆಗೆ ನಾನೂ ಬರ್ತೀನಿ ಎಂದು ಹೊರಟ. ಬಸ್ಸು ಬಂತು. ಅದೇ ಕಂಡಕ್ಟರ್, ಅದೇ ಈರುಳ್ಳಿ ಡ್ರೈವರ್. ನಾನು ಪೊರಕೆ ಕಟ್ಟುಗಳನ್ನು ಎತ್ತಿ ಹಾಕಿ ಹತ್ತಿ ಕುಳಿತೆ. ಕುಳಿತು ನೋಡಿದರೆ ಇವನು ಹಿಂದೆ ಇಲ್ಲ.

ಕಿಟಕಿಯಲ್ಲಿ ಬಗ್ಗಿ ನೋಡಿದೆ. ನನ್ನ ಗಂಡ ಬಸ್ಸಿನ ಮುಂದಿನಿಂದ ಸುತ್ತಿ ಬಲಗಡೆಗೆ ಹೋಗಿದ್ದಾನೆ. ಅಲ್ಲಿಯ ಬಸ್ಸುಗಳಿಗೆಲ್ಲ ಬಾಗಿಲು ಆ ಕಡೆಯಂತೆ. ರಸ್ತೆ ನಡುವೆ ನಿಂತು ನಮ್ಮ ಬಸ್ಸಿನ ತಗಡನ್ನು ಕೈಯಿಂದ ಸವರುತ್ತಾ ಬಾಗಿಲು ಎಲ್ಲಿ ಹೋಯಿತು ಎಂದು ಹುಡುಕುತ್ತಿದ್ದಾನೆ. ಒಮ್ಮೆ ಮುಂದಕ್ಕೆ ಬರುತ್ತಾನೆ, ಒಮ್ಮೆ ಹಿಂದಕ್ಕೆ ಹೋಗುತ್ತಾನೆ. ಇದೇ ಬಸ್ಸು ಓಡಿಸಿದವನಿಗೆ ಅದರ ಒಳಗೆ ಬರಲು ದಾರಿಯಿಲ್ಲ.

ಕಂಡಕ್ಟರ್ ಹಿಂದಿನ ಬಾಗಿಲಲ್ಲಿದ್ದ. ಅವನಿಗೆ ಆ ಕಡೆ ಕಾಣಿಸುತ್ತಿರಲಿಲ್ಲ.

"ಅಕ್ಕ, ಎಲ್ಲಾ ಹತ್ತಿದ್ರಾ?" ಎಂದು ಕೇಳಿದ.

ನಾನು ಪೊರಕೆ ಕಟ್ಟನ್ನು ಕಾಲಿನಿಂದ ಒಳಕ್ಕೆ ತಳ್ಳಿದೆ.

"ರೈಟ್," ಅಂದೆ.

ಬಸ್ಸು ಹೋಯಿತು. ಅವನು ಮುಂದಿನ ಬಸ್ಸಿಗೆ ಹೊಸದುರ್ಗಕ್ಕೆ ಬಂದ. ಎಡಗಡೆಯಿಂದಲೇ ಹತ್ತಿದ್ದನಂತೆ.